ಆಟದ ಡಬ್ಬಿಗಳು, ನಿರೂಪಕನ ಸಮೇತ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಊರುಗಳ ನಾಗರಿಕರ ಬುದ್ಧಿಮಟ್ಟವನ್ನು ಏಕಕಾಲಕ್ಕೆ ಎತ್ತರಿಸುವ ಸಲುವಾಗಿ ಪಂಚಪಟ್ಟಣ ಜ್ಞಾನರಂಜನಾ ಸಂಗ್ರಹ ಕೇಂದ್ರವು ಸ್ಥಾಪಿತವಾಗಿದ್ದು, ಅಲ್ಲಿ ಸಂಗ್ರಹವೊಂದನ್ನು ಬಿಟ್ಟು ಉಳಿದೆಲ್ಲ ವ್ಯವಸ್ಥೆಯೂ ಇತ್ತು. ಕೇಂದ್ರ ನಮ್ಮೂರಿಗೇ ಬೇಕೆಂದು ಐದೂ ಊರಿನವರು ಹಟ ಹಿಡಿದಿದ್ದರಿಂದ, ಯಾರಿಗೂ ಅನ್ಯಾಯವಾಗದಂತೆ ಅದನ್ನು ಹಂಚಲಾಗಿತ್ತು. ಕಟ್ಟಡ ಸೇಡಂಗೆ ಬಂತು. ನಾಮಫಲಕ ಚಿತ್ತಾಪುರಕ್ಕೆ ಹೋಯಿತು. ಅಲ್ಲಿನವರು ಅದನ್ನು ಒಂದು ಖಾಲಿ ಜಾಗದಲ್ಲಿ ನೆಟ್ಟು ಉದ್ಘಾಟನೆಯನ್ನೂ ಮುಗಿಸಿದರು. ಕಪಾಟಿನ ಕೀಲಿ ವಾಡಿಯ ಪಾಲಾಯಿತು, ಫೋನು ಚಿಂಚೋಳಿಯ ಪಾಲಾಯಿತು, ಕುರ್ಚಿಗಳೆಲ್ಲ ಶಹಾಬಾದಕ್ಕೆ ಹೋದವು. ಕುರ್ಚಿ ಹೋದದ್ದಕ್ಕೆ ಪ್ರತಿಯಾಗಿ ಶಹಾಬಾದದವರು ಒಂದು ಲೋಡು ಫರಸಿ ಕಲ್ಲು ಕಳಿಸಿದ್ದರಿಂದ, ಪಾಲನಾಧಿಕಾರಿ ಅಶೋಕಕುಮಾರ ಅವರು ಒಟ್ಟಿದ ಫರಸಿಗಳ ಮೇಲೆ ಕುಳಿತು ಆಡಳಿತ ನಡೆಸುತ್ತಿದ್ದರು. ಬೇಸಿಗೆಯಲ್ಲಿ ಅದು ತಂಪೂ ಆಗಿತ್ತು.

ಎಲ್ಲ ಸುರಳೀತ ನಡೆದಿರುವಾಗ ಮೇಲಿನಿಂದ ಒಂದು ಪತ್ರ ಬಂತು. ಸಂಗ್ರಹ ಕೇಂದ್ರದಲ್ಲಿ ಸಂಗ್ರಹ ಇಲ್ಲದಿರುವುದು ತಾಂತ್ರಿಕ ದೋಷವೆಂದು ಕಂಡುಬಂದಿರುವುದರಿಂದ, ಸದ್ಯದಲ್ಲೇ ಪರಿವೀಕ್ಷಣೆ ನಡೆಸಿ, ಏನೂ ಸಿಗದಿದ್ದರೆ ಕೇಂದ್ರವನ್ನು ಮುಚ್ಚಲಾಗುವುದು ಎಂದು ಅದರಲ್ಲಿತ್ತು. ಅಶೋಕಕುಮಾರ ಅವರು ಕೂಡಲೇ ಒಂದು ಪ್ರಕಟಣೆ ಹೊರಡಿಸಿದರು:

"ಸಾರ್ವಜನಿಕರು ತಮ್ಮ ಮನೆಗಳಲ್ಲಿ ಬಹುಕಾಲ ಜ್ಞಾನವೃದ್ಧಿಗೆ ಕಾರಣವಾಗಿದ್ದು ಈಗ ಓಡಾಟಕ್ಕೆ ಅಡ್ಡಿಯಾಗಿರುವ ವಸ್ತುಗಳನ್ನು ಕೇಂದ್ರಕ್ಕೆ ಒಪ್ಪಿಸತಕ್ಕದ್ದು. ವಸ್ತುಗಳು ಪರಿಪೂರ್ಣವಾಗಿರತಕ್ಕದ್ದು. ಒಪ್ಪಿಸಿದ ನಂತರ ಕೇಂದ್ರದ ಆವರಣದಲ್ಲಿ ಅಳತಕ್ಕದ್ದಲ್ಲ."

ಈ ಪ್ರಕಟಣೆಯನ್ನು ಸೇಡಂನಲ್ಲಿ ಪೂರ್ತಿ ಓದಿದವನು ಚಂದ್ರಾಮಪ್ಪ ಒಬ್ಬನೇ. ಅವನು ಸಿಮೆಂಟ್ ಕಾರ್ಖಾನೆಯ ಉಗ್ರಾಣದಲ್ಲಿ ಜೀವಮಾನವಿಡೀ ಸ್ಟೋರ್ ಕೀಪರ್ ಆಗಿದ್ದು ನಿವೃತ್ತನಾದವನು. ಪೆಟ್ಟಿಗೆಯ ಮುಚ್ಚಳದ ಮೇಲೆ ಬರೆದದ್ದೆಲ್ಲ ಒಳಗೆ ಇರಬೇಕು, ಒಂದು ಕಡಿಮೆಯಿದ್ದರೂ ಅದು ಸಾಮಾನಲ್ಲ, ಕಸ ಎಂಬುದು ಅವನ ನಂಬಿಕೆ. ಒಂದು ವಾಷರು ಕಾಣಲಿಲ್ಲವೆಂದು ಸೊಲ್ಲಾಪುರದಿಂದ ಬಂದ ಇಡೀ ಲಾರಿಯನ್ನು ಹಾಗೇ ತಿರುಗಿಸಿ ಕಳಿಸಿದ್ದ. ಚೀಟಿ ಇಲ್ಲದೆ ಅವನ ಉಗ್ರಾಣದಿಂದ ಒಂದು ಮೊಳೆಯೂ ಹೊರಗೆ ಹೋದದ್ದಿಲ್ಲ. ಕಾರ್ಖಾನೆಯ ದೊಡ್ಡ ಸಾಹೇಬರೇ ಒಮ್ಮೆ ಒಳಗೆ ಬಂದು, ತಾವು ಹೊರಗೆ ಹೋಗಲು ಚೀಟಿ ಬರೆಸಿಕೊಳ್ಳಬೇಕಾಯಿತು.

ಇಂಥವನಿಗೆ ಒಂದು ಚಟವಿತ್ತು. ಟಿವಿಯಲ್ಲಿ ಬರುವ ಪ್ರಶ್ನೋತ್ತರದ ಆಟಗಳನ್ನು ಮನೆಯಲ್ಲಿ ಕುಳಿತು ಆಡಲೆಂದು ಡಬ್ಬಿ ಮಾಡಿ ಮಾರುತ್ತಾರಲ್ಲ, ಅವನ್ನು ಅವನು ಕೂಡಿಹಾಕುತ್ತಿದ್ದ. ಚಕ್ರ ತಿರುಗಿಸುವ ಆಟ, ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಆಟ, ಮೊದಲು ಗುಂಡಿ ಒತ್ತಿದವರು ಬಾಯಿ ತೆರೆಯುವ ಆಟ, ಸಾಮಾನಿನ ಬೆಲೆ ಊಹಿಸುವ ಆಟ, ಹೀಗೆ. ಕೆಲವನ್ನು ಹೈದರಾಬಾದಿನ ಹಳೇ ಬಜಾರಿನಿಂದ ತಂದಿದ್ದ. ಕೆಲವನ್ನು ಕಾರ್ಖಾನೆಯವರ ಆದಿತ್ಯನಗರದ ಕ್ವಾರ್ಟರ್ಸಿನಿಂದ ವರ್ಗವಾಗಿ ಹೋಗುವ ಇಂಜಿನಿಯರುಗಳು ಬಿಟ್ಟು ಹೋಗಿದ್ದರು. ಕಾರ್ಖಾನೆಯ ಭಟ್ಟಿ ಕೂಡಿಸಲು ಬಂದ ಒಬ್ಬ ಜರ್ಮನ್ ಸಾಹೇಬ ಕೊಟ್ಟ ಡಬ್ಬಿಯೂ ಇತ್ತು. ಅದರ ಪ್ರಶ್ನೆ ಕೇಳುವವನಿಗೂ ಅರ್ಥವಾಗುತ್ತಿರಲಿಲ್ಲ, ಉತ್ತರ ಕೊಡುವವರಿಗೂ ಅರ್ಥವಾಗುತ್ತಿರಲಿಲ್ಲ, ಆದರೂ ಅವನ ಹೆಂಡತಿ ಶರಣಬಸಮ್ಮ ಅದರಲ್ಲಿ ಹಲವು ಸಲ ಗೆದ್ದಿದ್ದಳು. ದಿನಾ ಸಂಜೆ ಚಂದ್ರಾಮಪ್ಪ ಮದುವೆಯ ಕೋಟು ಹಾಕಿಕೊಂಡು ಪ್ರಶ್ನೆ ಕೇಳುವುದು, ಆಕೆ ಬಳ್ಳೊಳ್ಳಿ ಸುಲಿಯುತ್ತ ಉತ್ತರ ಹೇಳುವುದು, ಇದು ಆ ಮನೆಯ ಕ್ರಮವಾಗಿತ್ತು. ಅವನಿಗೆ ಇದಕ್ಕಿಂತ ದೊಡ್ಡ ಸುಖ ಇನ್ನೊಂದಿರಲಿಲ್ಲ.

ಡಬ್ಬಿಗಳಿಗೆ ಕುತ್ತು ಬಂದದ್ದು ಮಗಳು ರಾಜೇಶ್ವರಿಯ ಕುಬಸದಿಂದ. ಏಳು ತಿಂಗಳಿಗೆ ಕುಬಸ ಮಾಡಿ ಚೊಚ್ಚಲ ಬಸುರಿಯನ್ನು ತವರಿಗೆ ಕರೆದುತರುವುದು ಪದ್ಧತಿ. ತಂದಮೇಲೆ ಬಾಣಂತಿಗೊಂದು ಖೋಲಿ ಬೇಕು. ಮನೆಯಲ್ಲಿ ಇದ್ದ ಒಂದೇ ಹೆಚ್ಚಿನ ಖೋಲಿಯಲ್ಲಿ ನೆಲದಿಂದ ಮಾಡಿನ ತನಕ ಡಬ್ಬಿಗಳಿದ್ದವು.

"ಡಬ್ಬಿ ಒಂದ್ಕಡಿ ಸರಿಸಿ ಹುಡುಗಿಗಿ ಮಲಗಲಿಕ್ಕ ಹೊರಸು ಹಾಕಮ" ಎಂದ ಚಂದ್ರಾಮಪ್ಪ.

"ಯಾಕ, ಕೂಸು ಹುಟ್ಟಿದ ಕೂಡ್ಲೆ ನಾಕು ಉತ್ತರದಾಗ ಒಂದು ಆರಿಸ್ಬೇಕೇನು?" ಎಂದಳು ಶರಣಬಸಮ್ಮ. "ಧೂಳು ಅದ, ಜಿರಳಿ ಅವ. ಹುಡುಗಿ ಬರೂದ್ರಾಗ ಖೋಲಿ ಖಾಲಿ ಆಗ್ಬೇಕ್ರಿ. ಡಬ್ಬಿ ಎಲ್ಲಿಗರ ಕಳಸ್ರಿ. ಇಲ್ಲಂದ್ರ ನೀರೊಲಿಗಿ ಹಾಕ್ತೀನಿ."

ಆಕೆ ಹೇಳಿದ್ದನ್ನು ಮಾಡುವವಳು. ಚಂದ್ರಾಮಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಸುಡುವುದಕ್ಕಿಂತ ಕೊಡುವುದು ಮೇಲು, ಕೊಟ್ಟರೆ ಯಾರಾದರೂ ಆಡಿಯಾರು ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಕೇಂದ್ರಕ್ಕೆ ಹೋದ.

"ಬರ್ರಿ ಕಾಕಾ, ಕುಂದ್ರಿ" ಎಂದು ಅಶೋಕಕುಮಾರ ಅವರು ಪಕ್ಕದ ಫರಸಿ ತೋರಿಸಿದರು. ಡಬ್ಬಿಗಳ ಸುದ್ದಿ ಕೇಳಿ ಅವರ ಕಣ್ಣಲ್ಲಿ ನೀರು ಬಂತು. ಆವರಣದಲ್ಲಿ ಅಳುವಂತಿಲ್ಲವಾದ್ದರಿಂದ ಹೊರಗೆ ಹೋಗಿ ಒರೆಸಿಕೊಂಡು ಬಂದರು.

"ಎರಡು ಮಾತು ಅವ ರೀ ನಂದು" ಎಂದ ಚಂದ್ರಾಮಪ್ಪ. "ಒಂದು, ಹುಡುಗರು ಇವನ್ನ ಆಡ್ಬೇಕು."

"ಅದು ಮುಂದಿನ ಮಾತು ಕಾಕಾ. ಮೊದಲು ಸಂಗ್ರಹ ಆಗ್ಲಿ. ಎರಡನೇದು?"

"ಮುಚ್ಚಳದ ಮ್ಯಾಲ ಏನೇನು ಬರದದ, ಅದೆಲ್ಲಾ ಒಳಗ ಅದನೋ ಇಲ್ಲೋ, ಒಂದೊಂದ ನೋಡೇ ತಗೋಬೇಕು. ಒಂದು ಕಮ್ಮಿ ಇದ್ರ ವಾಪಸ್ ಕೊಡ್ರಿ. ನಾ ಅರೆಬರೆ ಸಾಮಾನು ಯಾರಿಗೂ ಕೊಟ್ಟಾಂವಲ್ಲ."

"ಇದು ಖರೇ ಮಾತು" ಎಂದು ಅಶೋಕಕುಮಾರ ಅವರು ಅದನ್ನು ತಕ್ಷಣವೇ ಕೇಂದ್ರದ ನಿಯಮವಾಗಿ ಅಂಗೀಕರಿಸಿದರು.

ಮರುದಿನ ಟಂಟಂ ಆಟೊ ತುಂಬ ಡಬ್ಬಿಗಳು ಬಂದವು. ವಾಡಿಯಿಂದ ದಿನಾ ರೈಲಿನಲ್ಲಿ ಕೀಲಿ ತರುವ ಜವಾನ ಸಾಯಬಣ್ಣ ಅವನ್ನು ಇಳಿಸಿದ. ಗುಮಾಸ್ತೆ ಸುಶ್ಮಿತಾ ಮುಚ್ಚಳ ಓದುವುದು, ಚಂದ್ರಾಮಪ್ಪ ಒಳಗಿನದನ್ನು ಎತ್ತಿ ತೋರಿಸುವುದು ಎಂದಾಯಿತು.

"ಹಲಗೆ."

"ಇಲ್ಲೇ ಅದ ನೋಡವ್ವಾ."

"ಪ್ರಶ್ನೆ ಚೀಟಿ."

"ಇಲ್ಲೇ ಅವ. ಒಂದೂ ಹರದಿಲ್ಲ."

"ಸದ್ದು ಮಾಡುವ ಗುಂಡಿ."

ಚಂದ್ರಾಮಪ್ಪ ಗುಂಡಿ ಒತ್ತಿದ. ಅದು ಎಮ್ಮೆ ಕರುವಿನಂತೆ ಒದರಿತು. ಅವನ ಮುಖದಲ್ಲಿ ಹೆಮ್ಮೆ ಕಾಣಿಸಿತು.

"ನಿರೂಪಕ, ಒಬ್ಬ" ಎಂದು ಓದಿ ಸುಶ್ಮಿತಾ ತಲೆ ಎತ್ತಿದಳು.

ಯಾರೂ ಏನೂ ತೋರಿಸಲಿಲ್ಲ.

"ನಿರೂಪಕ ಅಂದ್ರ ಟಿವಿಯಾಗ ಕೋಟ್ ಹಾಕ್ಕೊಂಡು ಪ್ರಶ್ನಿ ಕೇಳ್ತಾರಲ್ಲ, ಅವ್ರು" ಎಂದ ಸಾಯಬಣ್ಣ.

"ಅದು ಮನಷ್ಯಾ ಅವ್ವಾ. ಡಬ್ಬಿಯಾಗ ಇರಂಗಿಲ್ಲ" ಎಂದ ಚಂದ್ರಾಮಪ್ಪ.

"ಆದ್ರ 'ಬೇಕಾಗುವ ಸಾಮಗ್ರಿ' ಅಂತ ಬರದು ಅದರ ತೆಳಗ ಕೊಟ್ಟಾರಲ್ರಿ ಕಾಕಾ. ಹಲಗೆ, ಚೀಟಿ, ಗುಂಡಿ, ಒಬ್ಬ ನಿರೂಪಕ. ಎಲ್ಲಾ ಡಬ್ಬಿ ಮ್ಯಾಲೂ ಅದ."

ಅಶೋಕಕುಮಾರ ಅವರು ಮುಚ್ಚಳವನ್ನು ತಾವೇ ತರಿಸಿಕೊಂಡು ಓದಿದರು. ಹಾಗಾದರೆ ಇಬ್ಬರಿಂದ ನಾಲ್ವರು ಆಟಗಾರರೂ ಬೇಕಲ್ಲ ಎಂದು ಚಂದ್ರಾಮಪ್ಪ ವಾದ ಹೂಡಿದ. ಅವರು ಅದನ್ನೂ ಓದಿ, "ಇಲ್ರಿ ಕಾಕಾ, ಆಟಗಾರರಿಗೆ 'ಆಡಬಹುದು' ಅಂತ ಅದ. ಆಡಬಹುದು ಅಂದ್ರ ಆಡದನೂ ಇರಬಹುದು. ನಿರೂಪಕನಿಗೆ 'ಬೇಕು' ಅಂತ ಅದ. ಸಾಮಾನು ಕಮ್ಮಿ ಅದ" ಎಂದು ತೀರ್ಪು ಕೊಟ್ಟರು.

ಐದೂ ಊರಿನ ಒಬ್ಬೊಬ್ಬ ಸದಸ್ಯರಿರುವ ಸಮಿತಿ ತುರ್ತಾಗಿ ಸೇರಿತು. ಶಹಾಬಾದದವರು ಬರುವಾಗ ತಮ್ಮ ಕುರ್ಚಿ ತಾವು ತಂದಿದ್ದರು. ದೀರ್ಘ ಚರ್ಚೆಯ ನಂತರ ಠರಾವು ಆಯಿತು: "ನಿರೂಪಕನು ಆಟದ ಡಬ್ಬಿಯ ಬಿಡಿಭಾಗವಾಗಿದ್ದು, ಸದರಿ ಬಿಡಿಭಾಗವಿಲ್ಲದ ಡಬ್ಬಿಗಳನ್ನು ದಾನಿಯ ಮನೆಗೆ ವಾಪಸು ಕಳಿಸತಕ್ಕದ್ದು. ಬಿಡಿಭಾಗ ಲಭ್ಯವಿದ್ದಲ್ಲಿ ಎಲ್ಲ ಡಬ್ಬಿಗಳಿಗೂ ಸೇರಿ ಒಂದೇ ಸಾಕು. ಇದು ಮಿತವ್ಯಯದ ಕ್ರಮ."

ಚಂದ್ರಾಮಪ್ಪನಿಗೆ ಇದರಲ್ಲಿ ತಪ್ಪು ಹುಡುಕಲಾಗಲಿಲ್ಲ. ಅವನೇ ಆ ಜಾಗದಲ್ಲಿದ್ದರೆ ಅದನ್ನೇ ಬರೆಯುತ್ತಿದ್ದ. ಆ ಡಬ್ಬಿಗಳಿಗೆ ಇದುವರೆಗೆ ಇದ್ದ ನಿರೂಪಕ ಅವನೊಬ್ಬನೇ. ಮನೆಗೆ ಬಂದು ಹೆಂಡತಿಗೆ ಹೇಳಿದ.

"ಡಬ್ಬಿ ತಗೋಬೇಕಂದ್ರ ನನ್ನೂ ಕೊಡ್ಬೇಕಂತ."

ಶರಣಬಸಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಹಳೇದು ತಗೋತಾರಂತೇನು?"

"ತಗೋತಾರ."

"ಹುಡುಗಿ ಬರೂದು ನಾಡದು. ಡಬ್ಬಿ ಮಾತ್ರ ವಾಪಸ್ ತರಬ್ಯಾಡ್ರಿ." ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, "ಅಲ್ಲಿ ಫ್ಯಾನ್ ಅದನೋ ಇಲ್ಲೋ?" ಎಂದು ಕೇಳಿದಳು.

ಒಂದು ತೊಡಕು ಬಂತು. ವಸ್ತುವು ತನ್ನನ್ನು ತಾನೇ ದಾನ ಮಾಡಿಕೊಳ್ಳಲು ನಿಯಮದಲ್ಲಿ ಅವಕಾಶವಿರಲಿಲ್ಲ. ಮಾಲೀಕರು ಬರಬೇಕಿತ್ತು. ಹಾಗಾಗಿ ಶರಣಬಸಮ್ಮ ಇಳಕಲ್ಲು ಸೀರೆ ಉಟ್ಟು ಬಂದು ಗಂಡನನ್ನು ಡಬ್ಬಿಗಳ ಸಮೇತ ಒಪ್ಪಿಸಿ ಸಹಿ ಹಾಕಿದಳು. ಸುಶ್ಮಿತಾ ಅವನನ್ನು ಸುತ್ತಲೂ ನೋಡಿ ಸ್ಥಿತಿಗತಿ ವರದಿ ಬರೆದಳು: "ಮೇಲ್ಭಾಗದಲ್ಲಿ ಕೂದಲಿನ ಕೊರತೆ. ಎಡ ಮೊಣಕಾಲು ಸದ್ದು ಮಾಡುತ್ತದೆ. ಧ್ವನಿ ಸುಸ್ಥಿತಿಯಲ್ಲಿದೆ. ಬಿಸಿಲಿಗೆ ಇಡಬಾರದು." ನಂಬರಿನ ಚೀಟಿಯನ್ನು ಅಂಗಿಗೆ ಅಂಟಿಸಿದರು, ಬೆವರಿಗೆ ಅದು ಕಿತ್ತು ಬಂದದ್ದರಿಂದ ತಗಡಿನ ಬಿಲ್ಲೆಗೆ ಅಂಟಿಸಿ ದಾರ ಪೋಣಿಸಿ ಕೊರಳಿಗೆ ಹಾಕಿದರು. ಅಂಗಿಯೊಳಗಿನ ಲಿಂಗದ ಕರಡಿಗೆಗೆ ಅದು ಬಡಿದು ಸದ್ದಾಗುತ್ತಿತ್ತು.

ಡಬ್ಬಿಗಳನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿ, ಸಾಯಬಣ್ಣ ಕೀಲಿಯನ್ನು ವಾಡಿಗೆ ಒಯ್ದ. ಚಂದ್ರಾಮಪ್ಪನನ್ನು ಕಪಾಟಿನ ಪಕ್ಕ ಒಂದು ಫರಸಿಯ ಮೇಲೆ ಕೂಡಿಸಲಾಯಿತು. ಸಂಜೆ ಅವನು ಮನೆಗೆ ಹೊರಟು ನಿಂತಾಗ ಸುಶ್ಮಿತಾ ಸಂಕೋಚದಿಂದ, ಕೇಂದ್ರದ ಸಾಮಾನು ಚೀಟಿ ಇಲ್ಲದೆ ಹೊರಗೆ ಹೋಗುವಂತಿಲ್ಲವೆಂದು ನೆನಪಿಸಿದಳು. ಅವನು ನಾಚಿಕೊಂಡು ಮತ್ತೆ ಕುಳಿತ. ಅವನ ಊಟದ ಡಬ್ಬಿ ಹೊತ್ತುಹೊತ್ತಿಗೆ ಕಿಟಕಿಯಿಂದ ಬರುತ್ತಿತ್ತು. ಕೇಂದ್ರದ ಲೆಕ್ಕದಲ್ಲಿ ಅದು "ವಸ್ತುವಿನ ನಿರ್ವಹಣೆ" ಎಂದು ದಾಖಲಾಗುತ್ತಿತ್ತು.

ಶಾಲೆಯ ಮಕ್ಕಳು ಆಗಾಗ ಸಾಲುಗಟ್ಟಿ ಬಂದು ನೋಡಿ ಹೋಗುತ್ತಿದ್ದರು. ಒಮ್ಮೆ ತಡೆಯಲಾರದೆ ಚಂದ್ರಾಮಪ್ಪ ಒಬ್ಬ ಹುಡುಗಿಯನ್ನು, "ಕಾಗಿಣಾ ಹೊಳಿ ಯಾವ ಹೊಳಿಗಿ ಕೂಡ್ತದ ಹೇಳವ್ವಾ? ಭೀಮಾ, ಕೃಷ್ಣಾ, ಗೋದಾವರಿ, ತುಂಗಭದ್ರಾ" ಎಂದು ಕೇಳಿಬಿಟ್ಟ. ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ಅಶೋಕಕುಮಾರ ಅವರು ಓಡಿ ಬಂದರು.

"ಕಾಕಾ, ಪ್ರದರ್ಶನದ ಸಾಮಾನು ಚಾಲೂ ಮಾಡಂಗಿಲ್ರಿ. ಸವೀತದ."

"ಮತ್ತ ನಾ ಏನ್ ಮಾಡ್ಲಿ ಸರ?"

"ಕುಂದ್ರಿ. ಭಾಳ ಛಂದ ಕಾಣ್ಲಿಕತ್ತೀರಿ."

ಚಂದ್ರಾಮಪ್ಪನಿಗೆ ಅಳು ಬಂತು. ಕಪಾಟಿನ ಗಾಜಿನಾಚೆ ಗುಂಡಿ ಕಾಣುತ್ತಿತ್ತು, ಒತ್ತುವವರಿಲ್ಲ. ಡಬ್ಬಿ ಕೊಟ್ಟರೆ ನಾಲ್ಕು ಜನ ಆಡುತ್ತಾರೆಂದು ಬಂದವನಿಗೆ, ಇಲ್ಲಿ ಒಬ್ಬರೂ ಒಂದು ಉತ್ತರ ಹೇಳುವಂತಿರಲಿಲ್ಲ. ಮನೆಯಲ್ಲಾದರೆ ಒಬ್ಬಳಾದರೂ ಹೇಳುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಪಕ್ಕದ ಮನೆಯ ಜಾನಬಿ ಸಕ್ಕರೆ ಪೊಟ್ಟಣ ಹಿಡಿದು ಓಡಿ ಬಂದಳು. "ಅಣ್ಣಾ, ಮೊಮ್ಮಗಳು ಹುಟ್ಯಾಳ. ನಿಮ್ಮಂಗೇ ಕಣ್ಣು ಬಿಟ್ಕೊಂಡು ಎಲ್ಲಾರನ್ನೂ ಏನೋ ಕೇಳೂವಂಗ ನೋಡ್ತಾಳ."

ಚಂದ್ರಾಮಪ್ಪ ಎದ್ದು ಬಾಗಿಲ ತನಕ ಓಡಿದ. ಸಾಯಬಣ್ಣ ಒಳ್ಳೆಯವನು, ಗೋಡೆಯ ಕಡೆ ಮುಖ ತಿರುಗಿಸಿ ನಿಂತ. ಸುಶ್ಮಿತಾ ಪೆನ್ಸಿಲ್ ಹುಡುಕುತ್ತ ಬಗ್ಗಿದಳು. ದಾರಿ ಖುಲ್ಲಾ ಇತ್ತು. ಆದರೆ ಹೊಸ್ತಿಲಿಗೆ ಬಂದವನ ಕಾಲು ಮುಂದೆ ಹೋಗಲಿಲ್ಲ. ಅಷ್ಟು ವರ್ಷ ಕಾದ ಉಗ್ರಾಣದಿಂದ ಚೀಟಿ ಇಲ್ಲದೆ ಏನನ್ನೂ ಬಿಟ್ಟವನಲ್ಲ. ಈಗ ತನ್ನನ್ನೇ ಬಿಟ್ಟುಕೊಂಡರೆ ಯಾವ ಮುಖ ಇಟ್ಟುಕೊಂಡು ಬದುಕುವುದು. ಅವನು ತಿರುಗಿ ಬಂದು ಫರಸಿಯ ಮೇಲೆ ಕುಳಿತ. ಜಾನಬಿ ಬಾಯಿಗೆ ಹಾಕಿದ ಸಕ್ಕರೆ ಕರಗಲೇ ಇಲ್ಲ.

ಜಾನಬಿ ಇದನ್ನು ಹೋಗಿ ಹೇಳಿದಳು. ಮಧ್ಯಾಹ್ನ ಶರಣಬಸಮ್ಮ ಬಿಸಿಲಲ್ಲೇ ನಡೆದು ಬಂದಳು.

"ಇವ್ರನ್ನ ಮನಿಗಿ ಒಯ್ಬೇಕಂದ್ರ ಏನ್ ಮಾಡ್ಬೇಕ್ರಿ?"

"ಸದಸ್ಯರಾಗ್ಬೇಕ್ರಿ ಅಮ್ಮಾ. ಹದಿನೈದು ದಿನಕ್ಕ ಕೊಡ್ತೀವಿ. ಡಬ್ಬಿ ಹೊರಗ ಕೊಡಂಗಿಲ್ಲ, ಬಿಡಿಭಾಗ ಕೊಡಬಹುದು" ಎಂದರು ಅಶೋಕಕುಮಾರ ಅವರು.

ಸುಶ್ಮಿತಾ ಅರ್ಜಿ ತೆಗೆದಳು. ಹೆಸರು, ಊರು ಬರೆದಾದ ಮೇಲೆ ಪೆನ್ನು ನಿಲ್ಲಿಸಿದಳು. "ಎರವಲು ಪಡೆಯುವ ಉದ್ದೇಶ ಅಂತ ಕೇಳ್ಯಾರ. ಮೊಮ್ಮಗಳ ಮುಖ ತೋರ್ಸಲಿಕ್ಕ ಅಂತ ಬರೀಲೇನ್ರಿ?"

ಶರಣಬಸಮ್ಮ ಸೆರಗಿನಿಂದ ಕೊರಳ ಬೆವರು ಒರೆಸಿಕೊಂಡಳು. ಗಂಡನ ಕಡೆ ನೋಡಲಿಲ್ಲ.

"ಅದು ಒಂದ್ಸಲ ತೋರ್ಸಿದ್ರ ಮುಗೀತವ್ವಾ. ಮನಿತುಂಬ ಮಂದಿ ಅದಾರ, ಕೂಸು ಅದ, ಎಲ್ಲಾ ಅದ. ಸಂಜಿಮುಂದ ಬಳ್ಳೊಳ್ಳಿ ಸುಲಿಲಿಕ್ಕ ಕುಂತ್ರ ನನಗ ಯಾರೂ ಏನೂ ಕೇಳಂಗಿಲ್ಲ. ಭಾಳ ಬ್ಯಾಸರ ಆಗ್ಲಿಕತ್ತದ. ಪ್ರಶ್ನಿ ಕೇಳಲಿಕ್ಕ ಅಂತ ಬರಿ."

ಸುಶ್ಮಿತಾ ಹಾಗೆಯೇ ಬರೆದಳು. ಚಂದ್ರಾಮಪ್ಪ ಫರಸಿಯ ಮೇಲೆ ಕುಳಿತಿದ್ದವನು ಇದನ್ನೆಲ್ಲ ಕೇಳಿಸಿಕೊಂಡ. ಜೀವನದಲ್ಲಿ ಆಕೆ ಕೊಟ್ಟ ಉತ್ತರಗಳಲ್ಲಿ ಇದು ಅವನಿಗೆ ಎಲ್ಲಕ್ಕಿಂತ ಹಿಡಿಸಿತು. ಚೀಟಿ ಕೈಗೆ ಬಂದ ಮೇಲೆ ಅವನು ತಲೆ ಎತ್ತಿ ಹೊಸ್ತಿಲು ದಾಟಿ, ಹೆಂಡತಿಯ ಹಿಂದೆ ಟಂಟಂ ಹತ್ತಿದ.

ಪರಿವೀಕ್ಷಣೆಗೆ ಶಿವರಂಜನಿ ಮೇಡಂ ಬಂದದ್ದು ಇದಾದ ಕೆಲವು ತಿಂಗಳಿಗೆ. ಅಷ್ಟರಲ್ಲಿ ಶರಣಬಸಮ್ಮ ಹದಿನೈದು ದಿನಕ್ಕೊಮ್ಮೆ ಗಂಡನನ್ನು ಒಪ್ಪಿಸುವುದು, ಮತ್ತೆ ಬರೆಸಿಕೊಂಡು ಒಯ್ಯುವುದು ರೂಢಿಯಾಗಿತ್ತು. ಮೇಡಂ ಮೊದಲು ಚಿತ್ತಾಪುರಕ್ಕೆ ಹೋಗಿ ನಾಮಫಲಕ ನೋಡಿ, ಶಹಾಬಾದದಲ್ಲಿ ಕುಳಿತು, ಚಿಂಚೋಳಿಯಿಂದ ಫೋನು ಮಾಡಿಸಿ, ವಾಡಿಯ ಕೀಲಿ ತಂದು ಸೇಡಂ ತಲುಪಿದರು.

"ಸಂಗ್ರಹ ಎಲ್ಲಿ ಅದ?"

"ಡಬ್ಬಿ ಕಪಾಟಿನಾಗ ಅವ ಮೇಡಂ. ನಿರೂಪಕ ಹೊರಗ ಹೋಗ್ಯಾರ. ಎರವಲು" ಎಂದರು ಅಶೋಕಕುಮಾರ ಅವರು.

ಮೇಡಂ ಕಪಾಟಿನ ಗಾಜಿನಲ್ಲಿ ಇಣುಕಿ ನೋಡಿದರು. ಅವರು ಎಷ್ಟೋ ಕೇಂದ್ರಗಳನ್ನು ಕಂಡಿದ್ದರು. ಯಾವ ಕೇಂದ್ರದ ಯಾವ ವಸ್ತುವನ್ನೂ ಯಾರೂ ಬೇಕೆಂದು ಕೇಳಿಕೊಂಡು ಒಯ್ದದ್ದನ್ನು ಇದುವರೆಗೆ ಕಂಡಿರಲಿಲ್ಲ. ಅಲ್ಲೇ ಫರಸಿಯ ಮೇಲೆ ಕುಳಿತು ಷರಾ ಬರೆದರು: "ಕಪಾಟಿನಲ್ಲಿರುವ ಡಬ್ಬಿಗಳನ್ನು ಈವರೆಗೆ ಯಾರೂ ಮುಟ್ಟಿಲ್ಲವಾದ್ದರಿಂದ ಅವು ನಿರುಪಯುಕ್ತ. ದಾನಿಗೆ ಹಿಂದಿರುಗಿಸತಕ್ಕದ್ದು. ನಿರೂಪಕನಿಗೆ ಸತತ ಬೇಡಿಕೆ ಇರುವುದರಿಂದ ಆತನನ್ನು ಕೇಂದ್ರದ ಖಾಯಂ ಆಸ್ತಿಯೆಂದು ಘೋಷಿಸಲಾಗಿದೆ. ಕೇಂದ್ರವನ್ನು ಮುಂದುವರಿಸಬಹುದು."

ಡಬ್ಬಿಗಳು ಅದೇ ಟಂಟಂನಲ್ಲಿ ವಾಪಸು ಬಂದವು. ಅಷ್ಟೊತ್ತಿಗೆ ರಾಜೇಶ್ವರಿ ಕೂಸನ್ನೆತ್ತಿಕೊಂಡು ಗಂಡನ ಮನೆಗೆ ಹೋಗಿದ್ದಳು. ಖೋಲಿ ಖಾಲಿಯಿತ್ತು. ಶರಣಬಸಮ್ಮ ತಾನೇ ನೆಲ ಸಾರಿಸಿ, ಡಬ್ಬಿಗಳನ್ನು ಒರೆಸಿ ಜೋಡಿಸಿದಳು. ನೀರೊಲೆಯ ಸುದ್ದಿ ಎತ್ತಲಿಲ್ಲ. ಆ ಸಂಜೆಯಿಂದ ಚಂದ್ರಾಮಪ್ಪ ಕೋಟು ಹಾಕಿಕೊಂಡು ಮತ್ತೆ ಡಬ್ಬಿಯ ಚೀಟಿ ನೋಡಿಯೇ ಪ್ರಶ್ನೆ ಕೇಳತೊಡಗಿದ. ಎಲ್ಲ ಮೊದಲಿನಂತೆಯೇ ಆಯಿತು, ಪರವಾನಗಿ ಒಂದು ಹೆಚ್ಚಿಗೆ. ಕೇಂದ್ರದ ವಾರ್ಷಿಕ ವರದಿಯಲ್ಲಿ ಅಶೋಕಕುಮಾರ ಅವರು "ಒಟ್ಟು ಸಂಗ್ರಹ: ಒಂದು. ಸಾರ್ವಜನಿಕರ ಬಳಕೆಯಲ್ಲಿ: ಒಂದು" ಎಂದು ಬರೆದರು. ಐದೂ ಊರುಗಳಲ್ಲಿ ಅವರಿಗೆ ಸನ್ಮಾನವಾಯಿತು.

ಈಗಲೂ ಹದಿನೈದು ದಿನಕ್ಕೊಮ್ಮೆ ಶರಣಬಸಮ್ಮ ಗಂಡನಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ಕೊರಳಿಗೆ ನಂಬರು ಹಾಕಿ ಕೇಂದ್ರಕ್ಕೆ ಕರೆತರುತ್ತಾಳೆ. ಸಾಯಬಣ್ಣ ನೀರು ಕೊಡುತ್ತಾನೆ. ಚಂದ್ರಾಮಪ್ಪ ಒಂದು ಗಳಿಗೆ ಫರಸಿಯ ಮೇಲೆ ಕುಳಿತು, ಕೇಂದ್ರದ ಸುಪರ್ದಿಗೆ ಬಂದವನಾಗಿ, ಮತ್ತೆ ಏಳುತ್ತಾನೆ. ಹೋದ ವಾರ ಶರಣಬಸಮ್ಮ ಸಹಿ ಮಾಡುವ ಮೊದಲು ಪೆನ್ನು ಹಿಡಿದು ಕೇಳಿದಳು.

"ಮತ್ತ ಯಾರರ ಇವ್ರನ್ನ ಕೇಳ್ಯಾರೇನವ್ವಾ? ಕೇಳಿದ್ರ ಅವ್ರಿಗಿ ಮೊದಲು ಕೊಡ್ರಿ. ನಾ ಮುಂದಿನ ಸರ್ತಿ ಒಯ್ತೀನಿ."

ಸುಶ್ಮಿತಾ ಹುಡುಕಿ ನೋಡಿದಳು. "ಇಲ್ರಿ ಅಮ್ಮಾ. ಇಲ್ಲಿತನ ಯಾರೂ ಕೇಳಿಲ್ಲ. ನೀವ ಒಯ್ರಿ."

ಚಂದ್ರಾಮಪ್ಪನ ಮುಖ ಸಣ್ಣದಾಯಿತು. ಐದು ಊರಿಗೆ ಸೇರಿದ ಆಸ್ತಿಯನ್ನು ಕೇಳುವವರು ಒಬ್ಬರೇ ಎಂಬುದು ಅವನಿಗೆ ಅಷ್ಟು ಸರಿಕಾಣಲಿಲ್ಲ. ಶರಣಬಸಮ್ಮ ಸಹಿ ಹಾಕಿ, ಅವನನ್ನು ಎಬ್ಬಿಸಿಕೊಂಡು, ದಾರಿಯಲ್ಲಿ ಬಳ್ಳೊಳ್ಳಿ ಕೊಳ್ಳುವುದಿದೆ ಎಂದಳು.